ನಾಲ್ಕು ತಾಲ್ಲೂಕು ಸುತ್ತಿದ ಹಲ್ಲು

ನಮ್ಮಣ್ಣನಿಗೆ ಸ್ವಂತ ಅಭಿಪ್ರಾಯ ಅನ್ನುವುದೊಂದು ಇದೆ ಎಂದು ಯಾರಾದರೂ ಸಾಬೀತು ಮಾಡಿದರೆ, ಅವರಿಗೆ ನಾನೇ ಕೈಯಾರೆ ಹೋಳಿಗೆ ಮಾಡಿ ಬಡಿಸುತ್ತೇನೆ! ತಂಗಿಯಾದವಳು ಆಡುವ ಮಾತೇ ಇದು ಎಂದು ಹುಬ್ಬೇರಿಸಬೇಡಿ. ಅವನ ಜೊತೆ ಒಂದು ಸಲ ಚಪ್ಪಲಿ ಅಂಗಡಿಗೆ ಹೋಗಿ ಬನ್ನಿ, ಆಮೇಲೆ ಮಾತಾಡೋಣ. ಅಂಗಡಿಯವನನ್ನು ಕೇಳುತ್ತಾನೆ. ಪಕ್ಕದಲ್ಲಿ ಮಗುವಿಗೆ ಬೂಟು ಹಾಕಿಸುತ್ತಿರುವ ಗುರುತು ಪರಿಚಯವಿಲ್ಲದ ಹೆಂಗಸನ್ನು ಕೇಳುತ್ತಾನೆ. ಸಾಲದೆಂದು ಎರಡು ಕಾಲಿಗೆ ಎರಡು ಬಗೆಯ ಚಪ್ಪಲಿ ಹಾಕಿಕೊಂಡು ಬೀದಿಗೇ ಇಳಿದು, ಬೈಕಿಗೆ ಒರಗಿ ನಿಂತವನ ಮುಂದೆ ಕಾಲು ಚಾಚಿ, "ಯಾವ ಕಾಲಿಂದು ಚೆಂದ ಕಾಣ್ತೈತೆ, ನೋಡಿ ಹೇಳ್ರಿ" ಎನ್ನುತ್ತಾನೆ. ಕೊನೆಗೆ ಹಳೇ ಚಪ್ಪಲಿಯಲ್ಲೇ ಮನೆಗೆ ಬರುತ್ತಾನೆ.

ಅವನಿಗೆ ನ್ಯಾಮತಿಯಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ ಇದೆ. ಕೆಲಸದಲ್ಲಿ ಎರಡು ಮಾತಿಲ್ಲ, ಸುಟ್ಟ ಮೋಟಾರನ್ನು ಮೂಸಿ ನೋಡಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಾನೆ. ಆದರೆ ಅಂಗಡಿಯ ಬಾಗಿಲಿಗೆ ಯಾವ ಬಣ್ಣ ಹೊಡೆಸುವುದು ಎಂಬ ಪ್ರಶ್ನೆ ಎದ್ದದ್ದು ನನ್ನ ಮದುವೆಗೂ ಮುಂಚೆ. ಈಗ ನನ್ನ ಮಗಳು ಎರಡನೇ ಕ್ಲಾಸು. ಬಾಗಿಲ ಮೇಲೆ ಮಾತ್ರ ಇವತ್ತಿಗೂ ಅಂಗೈಯಗಲದ ಸ್ಯಾಂಪಲ್ ಬಣ್ಣಗಳೇ ಇವೆ!

ಅವನ ಮದುವೆಯ ಕಥೆಯಂತೂ ಕೇಳಲೇಬೇಡಿ. ಬೇಡ, ಕೇಳಿಯೇ ಬಿಡಿ. ಸಾಸ್ವೆಹಳ್ಳಿಗೆ ಹೆಣ್ಣು ನೋಡಲು ಹೋದವನು ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಹುಡುಗಿಯ ಅಪ್ಪನನ್ನು ಕೇಳಿದ: "ಹೋದ ವಾರ ಕೆರೆಬಿಳಚಿನಾಗೆ ಒಂದು ಹುಡುಗಿ ನೋಡ್ಕೊಂಡ್ ಬಂದೀವಿ. ಅದೂ ಚೆನ್ನಾಗೈತೆ. ನೀವು ಹಿರೇರು, ಯಾವುದು ಮಾಡ್ಕೊಂಡ್ರೆ ಒಳ್ಳೇದು ಹೇಳ್ರಿ?" ಆ ಹಿರಿಯರ ಮುಖ ಬೆಂಕಿಯಾಯಿತು. ನಮ್ಮಪ್ಪ ಎದ್ದು ಹೊರಡಲು ಚಪ್ಪಲಿ ಹುಡುಕತೊಡಗಿದ. ಆದರೆ ಬಾಗಿಲ ಹಿಂದೆ ನಿಂತಿದ್ದ ಹುಡುಗಿ ಕಿಸಕ್ಕನೆ ನಕ್ಕುಬಿಟ್ಟಳು. ಅವಳೇ ಈಗ ನಮ್ಮ ಅತ್ತಿಗೆ. ಆ ನಿರ್ಧಾರ ಮಾಡಿದ್ದೂ ಇವನಲ್ಲ, ಅವಳೇ.

ಇಂಥವನ ಕೈಗೆ ನನ್ನ ಮಗಳ ಹಲ್ಲು ಸಿಕ್ಕಿತು!

ನನ್ನ ಮಗಳು ಚಿನ್ನಿಗೆ ಹೊಸ ಹಲ್ಲು ಬರುವ ವಯಸ್ಸು. ಕೆಳಗಿನ ಸಾಲಿನ ಹಾಲುಹಲ್ಲುಗಳು ಬೀಳಲೂ ಇಲ್ಲ, ಅಲ್ಲಾಡಲೂ ಇಲ್ಲ. ಹೊಸ ಹಲ್ಲುಗಳು ಎಷ್ಟು ದಿನ ಅಂತ ಕಾಯುತ್ತವೆ? ಹಿಂದಿನಿಂದಲೇ ಎದ್ದುಬಿಟ್ಟವು. ಬಾಯಿ ತೆರೆದರೆ ಹಿಂದೊಂದು ಸಾಲು, ಮುಂದೊಂದು ಸಾಲು. ನಾವಿರುವ ಚನ್ನಗಿರಿಯಲ್ಲೇ ಹಲ್ಲಿನ ಡಾಕ್ಟರಿಗೆ ತೋರಿಸಿದೆವು. ಅವರು ನೋಡಿ, "ಮುಂದಿನ ಎರಡು ಹಾಲುಹಲ್ಲು ತೆಗೆದುಬಿಡೋಣ. ಜಾಗ ಆದ್ರೆ ಹಿಂದಿನವು ನಿಧಾನಕ್ಕೆ ಮುಂದೆ ಬರ್ತವೆ" ಎಂದರು. ನನಗೆ ಒಪ್ಪಿಗೆಯಾಯಿತು. ನಾನು ಬ್ಲೌಸ್ ಹೊಲಿಯುವವಳು. ಬಟ್ಟೆಗೆ ಕತ್ತರಿ ಹಾಕಲು ಊರವರನ್ನೆಲ್ಲ ಕೇಳುತ್ತ ಕೂತರೆ ನನ್ನ ಗಿರಾಕಿಗಳು ಹಬ್ಬಕ್ಕೆ ಏನು ತೊಟ್ಟುಕೊಳ್ಳಬೇಕು?

ಅಷ್ಟರಲ್ಲಿ ನಮ್ಮ ಯಜಮಾನರು, "ನಿಮ್ಮಣ್ಣಂಗೆ ಒಂದು ಮಾತು ಹೇಳ್ಬೇಕಲ್ಲೇನೆ?" ಅಂದರು. ಅಲ್ಲಿಗೆ ಕೆಟ್ಟಿತು ಕೆಲಸ. ಜವಳ ತೆಗೆಸುವಾಗ ಚಿನ್ನಿಯ ಮೊದಲ ಕೂದಲು ಕತ್ತರಿಸಿದವನು ಸೋದರಮಾವ, ಕಿವಿ ಚುಚ್ಚಿಸುವಾಗ ತೊಡೆಯ ಮೇಲೆ ಕೂರಿಸಿಕೊಂಡವನು ಸೋದರಮಾವ. ಮಗುವಿನ ಮೈಯಿಂದ ಏನನ್ನು ತೆಗೆಯುವುದಿದ್ದರೂ ಮಾವನ ಅಪ್ಪಣೆ ಆಗಬೇಕು ಎಂದು ನಮ್ಮ ಕಡೆ ಯಾರೂ ಎಲ್ಲೂ ಬರೆದಿಟ್ಟಿಲ್ಲ, ಆದರೆ ಎಲ್ಲರಿಗೂ ಗೊತ್ತು. ಫೋನ್ ಮಾಡಿದೆ. "ಮುಟ್ಟಬ್ಯಾಡ! ನಾನು ಬರಗಂಟ ಯಾರೂ ಮುಟ್ಟಬ್ಯಾಡ್ರಿ!" ಎಂದು ಕೂಗಿದವನು ಸಂಜೆಗೆ ಬಂದೇಬಿಟ್ಟ. ಹಣೆಗೆ ಕಟ್ಟಿಕೊಳ್ಳುವ ಬ್ಯಾಟರಿಯನ್ನೂ ತಂದಿದ್ದ, ಮೋಟಾರಿನ ಹೊಟ್ಟೆಯೊಳಗೆ ನೋಡುವ ಬ್ಯಾಟರಿ.

ಚಿನ್ನಿಯನ್ನು ಕಟ್ಟೆಯ ಮೇಲೆ ಕೂರಿಸಿ, ಬಾಯಿ ತೆರೆಸಿ, ಬಹಳ ಹೊತ್ತು ನೋಡಿದ. ಆಮೇಲೆ ನಿಟ್ಟುಸಿರು ಬಿಟ್ಟು, "ಬಿಚ್ಚೋದೇನು ದೊಡ್ಡ ಕೆಲ್ಸ ಅಲ್ಲ ಕಣವ್ವ. ಬಿಚ್ಚಿದ್ ಮ್ಯಾಲೆ ವಾಪಸ್ ಹಾಕಾಕೆ ಬರ್ತೈತಾ?" ಅಂದ.

"ಅಣ್ಣಾ, ಅದು ಮೋಟಾರಲ್ಲ, ಹಾಲುಹಲ್ಲು! ಹೆಂಗಿದ್ರೂ ಬೀಳೋದೇ."

"ಬೀಳೋದಾದ್ರೆ ಅದೇ ಬೀಳ್ತೈತೆ. ಬೀಳ್ಸಾಕೆ ನೀನ್ಯಾರು?"

"ಹೆತ್ತೋಳು!"

"ಸಿಟ್ಟಾಗಬ್ಯಾಡವ್ವ."

"ಹಂಗಾದ್ರೆ ತೆಗ್ಸೋದು ಬ್ಯಾಡ ಅಂತೀಯಾ?"

"ನಾನೆಲ್ಲಿ ಬ್ಯಾಡ ಅಂದೆ?"

"ತೆಗೆಸ್ಲಾ ಹಂಗಾದ್ರೆ?"

"ನಾನೆಲ್ಲಿ ತೆಗೆಸು ಅಂದೆ? ನಾಕು ಜನನ್ನ ಕೇಳಾಣ."

ಈ ಮನುಷ್ಯನನ್ನು ಏನು ಮಾಡಬೇಕು, ನೀವೇ ಹೇಳಿ! ಅಯ್ಯೋ, ನಾನೂ ಕೇಳಲು ಶುರು ಮಾಡಿದೆ ನೋಡಿ, ಅವನ ಗಾಳಿ ಬಡಿದರೆ ಹೀಗೇ ಆಗುವುದು.

ಕೇಳುವ ಕೆಲಸ ಅಲ್ಲೇ, ಕಟ್ಟೆಯ ಮೇಲೆಯೇ ಆರಂಭವಾಯಿತು. ಚಿನ್ನಿಯ ಬಾಯಿಯ ಫೋಟೋ ತೆಗೆದು ನಮ್ಮ ಬಳಗದ ವಾಟ್ಸಾಪ್ ಗುಂಪಿಗೆ ಹಾಕಿದ. ಅವಳು ಅಲ್ಲಾಡಿದ್ದಳು, ಅವನ ಹಣೆಯ ಬ್ಯಾಟರಿ ಬೇರೆ ಹೊಳೆಯುತ್ತಿತ್ತು. ಫೋಟೋದಲ್ಲಿ ಕೆಂಪಗೆ ಏನೋ ಇದೆ, ಅದರೊಳಗೆ ಬೆಳ್ಳಗೆ ಏನೋ ಇದೆ, ಅಷ್ಟೇ. ನಲ್ಲೂರಿನ ಚಿಕ್ಕಪ್ಪ ಸಂಜೆ ಹೊತ್ತಿನಲ್ಲಿ "ಶುಭೋದಯ" ಎಂದು ಕಳಿಸಿದ. ಅತ್ತೆಯೊಬ್ಬಳು ಕೈ ಮುಗಿದಳು. ಅತ್ತಿಗೆಯ ತಮ್ಮ, "ದಾಳಿಂಬೆ ಭಾರಿ ಐತೆ, ಯಾರ ತ್ವಾಟದ್ದು?" ಎಂದು ಕೇಳಿದ. ಗುಂಪನ್ನೆಲ್ಲ ಓದಿ ಮುಗಿಸಿದ ನಮ್ಮಣ್ಣ ಗಂಭೀರವಾಗಿ ನನ್ನ ಕಡೆ ತಿರುಗಿ, "ನೋಡು, ಒಬ್ರೂ ತೆಗೆಸ್ರಿ ಅಂದಿಲ್ಲ" ಎಂದ.

ಮರುವಾರ ಹೊನ್ನಾಳಿ. ಅಲ್ಲಿನ ಡಾಕ್ಟರು ಸಮಾಧಾನದ ಮನುಷ್ಯ. "ಅವಸರ ಏನಿಲ್ಲ. ಕೆಲವು ಮಕ್ಕಳಿಗೆ ತಾವಾಗೇ ಸಡಿಲ ಆಗಿ ಬೀಳ್ತವೆ. ಸ್ವಲ್ಪ ದಿನ ನೋಡೋಣ" ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನನಗೂ ಒಂದು ಗಳಿಗೆ ಮನಸ್ಸು ಹಗುರವಾಯಿತು, ಮಗುವಿನ ಬಾಯಿಗೆ ಇಕ್ಕಳ ಹಾಕಿಸಲು ಯಾವ ತಾಯಿಗೆ ಆಸೆ? ಸರಿ, ಇಲ್ಲಿಗೆ ಮುಗಿಯಿತು ಎಂದುಕೊಂಡು ಹೊರಗೆ ಬಂದರೆ ಅಣ್ಣನ ಮುಖ ಬಾಡಿದೆ. "ಒಬ್ರು ತೆಗೀರಿ ಅಂದ್ರು, ಒಬ್ರು ಬ್ಯಾಡ ಅಂದ್ರು. ಸಮ ಆಗೋಯ್ತಲ್ಲವ್ವ! ಈಗ ಮೂರನೇರು ಬೇಕೇ ಬೇಕು."

ಮೂರನೆಯವರು ನ್ಯಾಮತಿಯವರು. "ಮೊದಲು ಯಾರ ಹತ್ರ ತೋರ್ಸಿದ್ರಿ? ಅವರು ಏನಂದ್ರು?" ಎಂದು ಅವರು ಕೇಳಿದ್ದು ಸಹಜವೇ ತಾನೆ? ನಮ್ಮಣ್ಣ ಎದೆಯ ಮೇಲೆ ಕೈಕಟ್ಟಿ, "ಅದನ್ನ ಹೇಳಾಂಗಿಲ್ಲ ಸಾರ್. ಹೇಳಿದ್ರೆ ನಿಮ್ಮ ಅಭಿಪ್ರಾಯ ಕೆಡ್ತೈತೆ" ಎಂದ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಡಾಕ್ಟರು ಅವನನ್ನು ಒಂದು ಕ್ಷಣ ನೋಡಿ, ಎಕ್ಸ್‌ರೇ ತೆಗೆಸಿಕೊಂಡು ಬನ್ನಿ ಎಂದು ಕಳಿಸಿದರು.

ಆ ಎಕ್ಸ್‌ರೇ ಕೈಗೆ ಬಂದಿದ್ದೇ ತಡ, ನಮ್ಮಣ್ಣನಿಗೆ ಹಬ್ಬ! ಡಾಕ್ಟರಿಗೆ ವಾಪಸ್ ತೋರಿಸುವುದನ್ನೇ ಬಿಟ್ಟು, ಖಾಸಗಿ ಬಸ್ಸಿನ ಕಿಟಕಿಯ ಬೆಳಕಿಗೆ ಹಿಡಿದು ಅಕ್ಕಪಕ್ಕದವರಿಗೆಲ್ಲ ತೋರಿಸಿದ. ಕೋಳಿ ಬುಟ್ಟಿ ಇಟ್ಟುಕೊಂಡಿದ್ದ ಅಜ್ಜಿ ನೋಡಿ "ಪಾಪ, ಯಾವಾಗ ತೀರ್ಕೊಂಡ್ರು?" ಅಂದಳು. ಹಿಂದಿನ ಸೀಟಿನವನು ತೆಗೆಸಿ ಅಂದ, ಮುಂದಿನವನು ಬೇಡ ಅಂದ, ಇಬ್ಬರೂ ಅವರವರಲ್ಲೇ ಜಗಳಕ್ಕೆ ನಿಂತರು. ಗಲಾಟೆ ಕೇಳಿ ಕಂಡಕ್ಟರ್ ಬಂದ. ಅವನೂ ಎಕ್ಸ್‌ರೇಯನ್ನು ಮೇಲೆ ಕೆಳಗೆ ಮಾಡಿ ನೋಡಿ, "ಇವು ಹೊಸ ಹಲ್ಲಾ?" ಎಂದು ಕೇಳಿದ. "ಹೂಂ ಕಣ್ರಿ, ಪರ್ಮನೆಂಟು!" ಎಂದ ನಮ್ಮಣ್ಣ ಹೆಮ್ಮೆಯಿಂದ. "ಹಂಗಾದ್ರೆ ಹುಡುಗಿಗೆ ಆರು ತುಂಬೈತೆ ಅಂತಾಯ್ತು. ಹಾಫ್ ಟಿಕೆಟ್ ತಗೊಳ್ರಿ" ಅಂದ ಕಂಡಕ್ಟರ್. ಇಷ್ಟೂ ಅಭಿಪ್ರಾಯಗಳಲ್ಲಿ ಕೂಡಲೇ ಜಾರಿಗೆ ಬಂದಿದ್ದು ಅದೊಂದೇ.

ಜಗಳೂರು ಮಾತ್ರ ಯಾಕೆ ಉಳಿಯಬೇಕು? ಅಲ್ಲಿ ನಮ್ಮ ದೊಡ್ಡವ್ವ ಇದ್ದಾಳೆ, ನಮ್ಮ ಬಳಗದಲ್ಲೇ ಹಿರಿಯಳು. ದಾವಣಗೆರೆಯಲ್ಲಿ ಬಸ್ಸು ಬದಲಿಸಿ, ಬಿಸಿಲಲ್ಲಿ ಬೆಂದು ಹೋಗಿ ತಲುಪಿದೆವು. ದೊಡ್ಡವ್ವ ಕನ್ನಡಕ ಸಿಗದೆ, ನೇರವಾಗಿ ಚಿನ್ನಿಯ ಬಾಯಿಗೆ ಬೆರಳು ಹಾಕಿ ತಡವಿದಳು. ಚಿನ್ನಿ ಕಚ್ಚಿದಳು. "ಹಾಳಾದ್ದೇ! ಗಟ್ಟಿ ಅವೆ ಬಿಡ್ರಿ" ಎಂದು ಬೆರಳು ಕೊಡವಿಕೊಂಡಳು ದೊಡ್ಡವ್ವ.

"ತೆಗ್ಸಾಣಾ ಬ್ಯಾಡ್ವಾ, ಅದನ್ನ ಹೇಳು ದೊಡ್ಡವ್ವ" ಎಂದು ಬೆನ್ನುಬಿದ್ದ ಅಣ್ಣ.

ದೊಡ್ಡವ್ವ ಬೊಚ್ಚು ಬಾಯಿ ಅಗಲಿಸಿ ತೋರಿಸಿದಳು. "ನಂಗೆ ಒಂದೂ ಇಲ್ಲ ಕಣೋ. ಇರೋರ್ನ ಹೋಗಿ ಕೇಳು!"

ಇದೆಲ್ಲ ನಗುವ ಮಾತಾಯಿತು. ಆದರೆ ಮನೆಯಲ್ಲಿ ಒಬ್ಬಳು ನಗುವುದನ್ನು ಬಿಟ್ಟಿದ್ದಳು. ಶಾಲೆಯಲ್ಲಿ ಯಾರೋ ಚಿನ್ನಿಯನ್ನು "ಡಬಲ್ ಹಲ್ಲು" ಎಂದು ಕರೆದರಂತೆ. ಅಂದಿನಿಂದ ಮಾತಾಡುವಾಗ ಅಂಗೈ ಅಡ್ಡ ಹಿಡಿಯುತ್ತಿದ್ದಳು. ಪಾಠ ಜೋರಾಗಿ ಓದು ಎಂದರೆ ಓದುತ್ತಿಲ್ಲ ಎಂದು ಮೇಡಂ ಹೇಳಿಕಳಿಸಿದರು. ಹಿಂದಿನ ಹಲ್ಲುಗಳು ಉಜ್ಜಿ ಉಜ್ಜಿ ನಾಲಿಗೆಯ ಕೆಳಗೆ ಹುಣ್ಣಾಯಿತು. ಸಾರು ತಾಗಿದರೆ ಉರಿ. ಹಾಲಿನಲ್ಲಿ ಅನ್ನ ಕಲಸಿ ಕೊಟ್ಟರೂ ನಾಲ್ಕು ತುತ್ತು ನುಂಗಿ, ಕಣ್ಣಲ್ಲಿ ನೀರು ತುಂಬಿಕೊಂಡು ತಟ್ಟೆ ಸರಿಸುತ್ತಿದ್ದಳು. ಹಾಲುಹಲ್ಲುಗಳೋ, ಕಲ್ಲಿನ ಹಾಗೆ ಕೂತಿದ್ದವು.

ಫೋನ್ ಮಾಡಿ ಅಣ್ಣನ ಮೇಲೆ ಹರಿಹಾಯ್ದೆ. "ನಾಕು ತಾಲ್ಲೂಕು ಸುತ್ತಿಸ್ದೆ. ಮಗು ಊಟ ಬಿಟ್ಟೈತೆ! ಡಾಕ್ಟ್ರು ಬ್ಯಾಡ, ದೊಡ್ಡವ್ವ ಬ್ಯಾಡ. ನಿಂಗೆ ಏನನ್ನಿಸ್ತೈತೆ ಹೇಳು. ನಿಂಗೆ!"

ಅವನು ಮೆಲ್ಲಗೆ, "ನಿಮ್ಮತ್ತಿಗೆನ ಒಂದು ಮಾತು ಕೇಳಿ ಹೇಳ್ಲಾ?" ಅಂದ.

ಫೋನ್ ಕುಕ್ಕಿದೆ. ನಾಳೆಯೇ ತೆಗೆಸುವುದು, ಅವನಿಗೆ ಸುದ್ದಿ ಕೊಡುವುದೂ ಬೇಡ ಎಂದು ಮನೆಯಲ್ಲಿ ಹೇಳಿದೆ. ಆದರೆ ನಮ್ಮ ಯಜಮಾನರ ಹೊಟ್ಟೆಯಲ್ಲಿ ಯಾವ ಮಾತು ನಿಂತಿದೆ? ಬೆಳಿಗ್ಗೆ ನಾವು ಚನ್ನಗಿರಿಯ ಆ ಕ್ಲಿನಿಕ್ಕಿಗೆ ಹೋಗುವ ಹೊತ್ತಿಗೆ ಅಣ್ಣ ಅದಾಗಲೇ ಬೆಂಚಿನ ಮೇಲೆ ಕೂತಿದ್ದ. ನಾನು ಮುಖ ತಿರುಗಿಸಿಕೊಂಡು ಒಳಗೆ ಹೋದೆ. ಡಾಕ್ಟರು ಹುಣ್ಣು ನೋಡಿ, ಇನ್ನು ಕಾಯುವುದು ಬೇಡ ಎಂದರು.

ಈಗ ಚಿನ್ನಿಯ ಸರದಿ. ಆ ಕುರ್ಚಿ, ಆ ದೀಪ, ತಟ್ಟೆಯಲ್ಲಿ ಸಾಲಾಗಿಟ್ಟ ಇಕ್ಕಳಗಳು. ನೋಡಿದ್ದೇ ತಡ, ಬಾಗಿಲ ಚೌಕಟ್ಟು ಹಿಡಿದುಕೊಂಡು ತುಟಿ ಬಿಗಿದಳು. ನಾನು ಮುದ್ದು ಮಾಡಿದೆ, ಬೈದೆ, ಮತ್ತೆ ಮುದ್ದು ಮಾಡಿದೆ. ಅವಳಪ್ಪ ಐಸ್‌ಕ್ರೀಮಿನಿಂದ ಶುರುಮಾಡಿ ಸೈಕಲ್ಲಿನ ತನಕ ಹೋದರು. "ಇರುವೆ ಕಚ್ಚಿದಂಗೆ ಅಷ್ಟೇ ಪುಟ್ಟಿ, ನೋವೇ ಆಗಲ್ಲ" ಎಂದರು ಡಾಕ್ಟರು. "ನೋವೇ ಆಗಲ್ಲ" ಎಂದು ನಾವೂ ದನಿಗೂಡಿಸಿದೆವು. ಚಿನ್ನಿ ನಮ್ಮ ಯಾರನ್ನೂ ನಂಬಲಿಲ್ಲ. ಬೆಂಚಿನ ಕಡೆ ತಿರುಗಿ, ಅಂಗೈಯ ಮರೆಯಿಂದ ಕೇಳಿದಳು: "ಮಾವ, ನೋವಾಗುತ್ತಾ?"

ಇವನು ಈಗ ಕಾಂಪೌಂಡರನ್ನು ಕೇಳುತ್ತಾನೆ ಎಂದು ನಾನು ಹಲ್ಲು ಕಚ್ಚಿ ನಿಂತೆ.

"ನಂಗೂ ಗೊತ್ತಿಲ್ಲವ್ವ" ಅಂದ ಅಣ್ಣ. "ಇರು, ನೋಡಿ ಹೇಳ್ತೀನಿ."

ಎದ್ದು ಒಳಗೆ ಬಂದವನೇ ಸೀದಾ ಹೋಗಿ ಆ ಕುರ್ಚಿಯಲ್ಲಿ ತಾನೇ ಕೂತ! "ಡಾಕ್ಟ್ರೇ, ಬಲಗಡೆ ಹಿಂದೆ ಒಂದು ದವಡೆ ಹಲ್ಲು ಹಾಳಾಗೈತೆ. ಮೊದ್ಲು ಅದನ್ನ ತೆಗೀರಿ. ಮಗು ನೋಡ್ಲಿ." ಡಾಕ್ಟರು ದೀಪ ಬಗ್ಗಿಸಿ ನೋಡಿದರು. ನೋಡಿ ನನ್ನ ಕಡೆ ತಿರುಗಿದರು. "ಇದನ್ನ ಇಟ್ಕೊಂಡು ಇಷ್ಟು ದಿನ ಹೆಂಗೆ ಊಟ ಮಾಡಿದ್ರು ಇವರು? ರಾತ್ರಿ ನಿದ್ದೆ ಹೆಂಗೆ ಬರ್ತಿತ್ತು?" ಎಂದು ಕೇಳಿದರು. ನನಗೆ ಏನು ಗೊತ್ತು? ಅವನು ಒಂದು ದಿನವೂ ಹೇಳಿರಲಿಲ್ಲ. ಎಲ್ಲದಕ್ಕೂ ಊರೆಲ್ಲ ಕೇಳುವ ನಮ್ಮಣ್ಣ ತನ್ನ ನೋವಿನ ಬಗ್ಗೆ ಒಬ್ಬರನ್ನೂ ಕೇಳಿರಲಿಲ್ಲ.

ಬಿಪಿ ನೋಡಿದರು, ಸೂಜಿ ಚುಚ್ಚಿದರು. ಹಲ್ಲು ಸುಲಭಕ್ಕೆ ಬರಲಿಲ್ಲ. ಅವನು ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದಿದ್ದ, ಕಣ್ಣಿನ ಕೊನೆಯಿಂದ ನೀರು ಇಳಿದು ಕಿವಿಗೆ ಹೋಗುತ್ತಿತ್ತು. ಚಿನ್ನಿ ಯಾವಾಗ ಚೌಕಟ್ಟು ಬಿಟ್ಟು ಅವನ ಪಕ್ಕಕ್ಕೆ ಬಂದಳೋ ನಾನು ನೋಡಲಿಲ್ಲ. ಅವನು ಬಾಯಲ್ಲಿ ಹತ್ತಿ ಕಚ್ಚಿಕೊಂಡು ಎದ್ದು ಕೂತಾಗ ಅವಳು ಅವನ ಮುಖವನ್ನೇ ನೋಡುತ್ತಿದ್ದಳು.

"ನೋವಾಯ್ತಾ ಮಾವ?"

ಇಲ್ಲ ಅನ್ನು, ಇಲ್ಲ ಅನ್ನು ಎಂದು ನಾನು ಹಿಂದಿನಿಂದ ಕೈಸನ್ನೆ ಮಾಡಿದೆ. ಅಣ್ಣ ನನ್ನ ಕಡೆ ನೋಡಲಿಲ್ಲ. ಅವಳ ಕಡೆ ನೋಡಿ, ಹೌದು ಎಂದು ತಲೆಯಾಡಿಸಿದ. ಆಮೇಲೆ ಕಿರುಬೆರಳಿನ ತುದಿಗೆ ಹೆಬ್ಬೆರಳು ಇಟ್ಟು, ಇಷ್ಟು ಎಂದು ತೋರಿಸಿದ.

ಚಿನ್ನಿ ಅವನ ಕೆನ್ನೆ ಮುಟ್ಟಿ ನೋಡಿದಳು. ಅಷ್ಟು ದಿನದ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಅಲ್ಲೇ ಅವನನ್ನು ತಬ್ಬಿಕೊಂಡು ಅತ್ತುಬಿಡಬೇಕು ಅನ್ನಿಸಿತು. ಅಣ್ಣ ಕುರ್ಚಿಯಿಂದ ಇಳಿದು ಜಾಗ ಬಿಟ್ಟುಕೊಟ್ಟ. ಚಿನ್ನಿ ಹತ್ತಿ ಕೂತಳು, ಮಾವನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು, ಯಾರೂ ಹೇಳದೆಯೇ ಬಾಯಿ ತೆರೆದಳು.