ನೆಲ ಡೊಂಕೆಂದ ನೆಟ್ಟಣ್ಣ

“ನೀಲಾ, ಈ ನೆಟ್ಟಣ್ಣನ ಮುಂದ ಡೊಂಕು ಅನ್ನೂದು ನಡಿಯೂದಿಲ್ಲ!” ಎಂದು ನಮ್ಮ ಮನೆಯವರು ಗಾಲಿಗಳ ಮೇಲೆ ನಿಂತಿದ್ದ ಯಂತ್ರದ ಬೆನ್ನು ತಟ್ಟಿದರು. ಅದಕ್ಕೆ ಎರಡು ಕಣ್ಣು, ಒಂದೇ ಕೈ, ಆ ಕೈಯಲ್ಲಿ ‘ತಿರಸ್ಕೃತ’ ಎಂಬ ಕೆಂಪು ಚೀಟಿಗಳ ಕಟ್ಟು!

ಹುಬ್ಬಳ್ಳಿಯ ನಮ್ಮ ವರ್ಕ್‌ಶಾಪಿನಲ್ಲಿ ಲೇತ್ ಓಡಿಸುವವಳು ನಾನು, ತಲೆ ಓಡಿಸುವವರು ಅವರು. ಪಂಪಿನ ನಲವತ್ತು ಶಾಫ್ಟುಗಳನ್ನು ನಾನೇ ಮಾಡಿದ್ದೆ. ಕಂಪನಿಯ ಇನ್‌ಸ್ಪೆಕ್ಟರ್ ತೇರದಾಳ ಸಾಹೇಬರು ಅಂದು ಪಾಸ್ ಮಾಡದಿದ್ದರೆ ಆರ್ಡರು ಪಕ್ಕದ ಶೆಡ್ಡಿನವರ ಪಾಲು. ಸಾಹೇಬರು ಎದುರಿಗೇ ಕೂತಿದ್ದರು.

“ನನ್ನ ಕೈ ಮ್ಯಾಲೆ ನಂಬಿಗಿ ಇಲ್ಲೇನ್ರೀ ನಿಮಗ?”

“ಐತಿ. ಆದ್ರ ಕೂದಲೆಳಿಯಷ್ಟು ಡೊಂಕಿದ್ರೂ ಇದು ಹಿಡೀತೈತಿ! ನಕ್ಷೆದಾಗಿನ ಗುರುತು, ಅಳತಿ ಎಲ್ಲಾ ಇದರ ತಲ್ಯಾಗ ವಂಶಾವಳಿ ಹಂಗ ಜೋಡಿಸೇನಿ. ಪ್ರತಿಯೊಂದೂ ತನ್ನ ಆಧಾರ ಯಾವುದಂತ ಹೇಳಲೇಬೇಕು!”

ನೆಟ್ಟಣ್ಣ ಶಾಫ್ಟುಗಳನ್ನು ಒಂದೊಂದಾಗಿ ಮೇಜಿನ ಮೇಲೆ ಉರುಳಿಸಿ ನೋಡಿತು. “ಶಾಫ್ಟಿನ ಆಧಾರ ಮೇಜು. ಮೇಜಿನ ಆಧಾರ?”

“ನೆಲ,” ಎಂದರು ಇವರು.

ಅದು ಬಗ್ಗಿ ನೋಡಿತು. “ನೆಲ ಡೊಂಕು!” ಚಟ್ಟನೆ ಚೀಟಿ ಅಂಟಿತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇದಕ್ಕೆ ಕುಣಿಯುವುದೂ ಬಂತು! ಗಿರಗಿರ ತಿರುಗುತ್ತ ಹೊರಗೆ ಓಡಿ, ನೆಲದ ಆಧಾರ ರಸ್ತೆಯೆಂದು ರಸ್ತೆಗೂ ಚೀಟಿ ಹಚ್ಚಿತು. ತಡೆಯಲು ಓಡಿಬಂದ ಸಾಹೇಬರ ಹಣೆಗೂ ಒಂದು! “ಆಧಾರವೇ ಸರಿಯಿಲ್ಲ, ಇವರು ನೆಟ್ಟಗೆ ನಿಲ್ಲುವುದೆಲ್ಲಿ?”

“ರೀ, ಆಧಾರ ಹುಡುಕೂದು ಎಲ್ಲಿ ನಿಲ್ಲಿಸಬೇಕಂತ ಅದಕ್ಕ ಹೇಳೀರೋ ಇಲ್ಲೋ?”

“ಅದೊಂದು ಬರಿಯೂದು ಮರತೆ!”

“ರಸ್ತೆಯ ಆಧಾರ ಭೂಮಿ,” ಎಂದ ನೆಟ್ಟಣ್ಣ ಎರಡು ನಿಮಿಷ ಗುಂಯ್‌ಗುಟ್ಟಿತು. “ಭೂಮಿ ದುಂಡಗಿಲ್ಲ. ನಡು ದಪ್ಪ. ತಿರಸ್ಕೃತ! ತಯಾರಿಸಿದವರಿಗೆ ವಾಪಸ್ ಕಳಿಸಿ!” ಎಂದು ಒಂದು ಕಾಗದ ಉಗುಳಿತು. ಆಮೇಲೆ, ತಿರಸ್ಕೃತ ಭೂಮಿಯ ಮೇಲೆ ನಿಲ್ಲಲಾರೆನೆಂದು ಗಾಲಿಗಳನ್ನು ಎತ್ತಿಕೊಂಡು ದಬ್ಬೆಂದು ಮಗುಚಿಕೊಂಡಿತು!

ಸಾಹೇಬರು ಹಣೆಯ ಚೀಟಿ ಕಿತ್ತುಕೊಳ್ಳುತ್ತ ಕಾಗದ ಓದಿದರು: “ನಲವತ್ತೂ ಶಾಫ್ಟು ನೆಟ್ಟಗಿವೆ. ದೋಷ ಭೂಮಿಯದು.” ತಮ್ಮ ಚೀಲದಿಂದ ಡೊಂಕು ಅಳೆಯುವ ಡಯಲ್ ಗೇಜು ತೆಗೆದು ಶಾಫ್ಟುಗಳನ್ನು ತಾವೂ ಪರೀಕ್ಷಿಸಿದರು.

“ಗದಿಗೆಪ್ಪನವರೇ, ಭೂಮಿ ನಮ್ಮ ಆರ್ಡರಿನಾಗ ಇಲ್ಲ. ಶಾಫ್ಟು ಪಾಸ್!” ಎಂದು ನಮ್ಮ ಮನೆಯವರಿಗೆ ಹೇಳಿ ಸಹಿ ಹಾಕಿಯೇಬಿಟ್ಟರು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ!

“ನಿನ್ನ ಕೆಲಸ ಚೊಕ್ಕ ಐತಿ ಬಿಡು,” ಎಂದರು ನಮ್ಮವರು, ಮೆಲ್ಲಗೆ.

ಹೆಂಡತಿಯ ಕೈಗುಣ ಒಪ್ಪಿಕೊಳ್ಳಲು ಈ ಮನುಷ್ಯನಿಗೆ ಭೂಮಿಯನ್ನೇ ಫೇಲ್ ಮಾಡಬೇಕಾಯಿತು.