ಹುಳುಕಡ್ಡಿ ತಪಾಸಣಾಧಿಕಾರಿ

"ಇವತ್ತಿಂದ ಈ ಮನೆಗೆ ಒಂದು ರೋಗಾಣು ಬರಬೇಕಾದ್ರೂ ನನ್ನ ಅಪ್ಪಣೆ ತಗೊಂಡೇ ಬರಬೇಕು," ಎಂದು ಇನ್ಸ್‌ಪೆಕ್ಟರ್ ಘೋಷಿಸಿದಾಗ ಅವನ ಮೈಮೇಲೆ ಬನಿಯನ್ನು, ಕೈಯಲ್ಲಿ ಹಲ್ಲುಜ್ಜುವ ಬ್ರಷ್ಷು, ಗಲ್ಲದ ಮೇಲೆ ಪೇಸ್ಟಿನ ನೊರೆ ಇತ್ತು. ದನಿ ಮಾತ್ರ ಕೋಟೆಯ ಬುರುಜಿನ ಮೇಲೆ ನಿಂತ ಸೇನಾಪತಿಯದು.

"ಅಳಿಯಂದ್ರೇ, ಮೊದಲು ಬಾಯಿ ಮುಕ್ಕಳಿಸಿ ಬನ್ನಿ. ರೋಗಾಣು ಅಲ್ಲೀವರೆಗೂ ಕಾಯ್ತಾವೆ," ಎಂದರು ಅತ್ತೆ, ಪೇಪರಿನಿಂದ ತಲೆ ಎತ್ತದೆ.

ಇನ್ಸ್‌ಪೆಕ್ಟರ್ ಎಂದರೆ ಪೊಲೀಸ್ ಅಲ್ಲ, ಲಿಫ್ಟ್ ಇನ್ಸ್‌ಪೆಕ್ಟರ್. ಎತ್ತರದ ಕಟ್ಟಡಗಳಿಗೆ ಹೋಗಿ, ಹಣೆಗೆ ಟಾರ್ಚ್ ಕಟ್ಟಿಕೊಂಡು, ಲಿಫ್ಟಿನ ತಂತಿ, ಗಾಲಿ, ಬಾಗಿಲು ಎಲ್ಲ ತಡವಿ ನೋಡುವುದು ಅವನ ಕೆಲಸ. ಸರಿ ಇದ್ದರೆ ಹಸಿರು ಸ್ಟಿಕ್ಕರ್: 'ಪರೀಕ್ಷಿಸಲಾಗಿದೆ. ಸುರಕ್ಷಿತ.' ಸರಿ ಇಲ್ಲದಿದ್ದರೆ ಕೆಂಪು: 'ದುರಸ್ತಿಯಲ್ಲಿದೆ. ಬಳಸಬೇಡಿ.' ಅವನು ಕೆಂಪು ಅಂಟಿಸಿದರೆ ಕಂಪನಿಯ ಮಾಲೀಕನೂ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಬೇಕು. ಇಂಥ ಅಧಿಕಾರದ ರುಚಿ ಕಂಡ ಮನುಷ್ಯ ಮನೆಯಲ್ಲಿ ಸುಮ್ಮನಿರುತ್ತಾನೆಯೇ!

ಘೋಷಣೆಗೆ ಕಾರಣ ಅವನ ಹೆಂಡತಿ. ಹಗಲು ಶಾಲಾ ಬಸ್ ಓಡಿಸುತ್ತಾಳೆ, ಸಂಜೆ ಕುಸ್ತಿ ಆಡುತ್ತಾಳೆ. ಹಾಗಾಗಿ ಮನೆಯಲ್ಲೂ ಬಸ್ಸಿನಲ್ಲೂ ಅವಳು ಪೈಲ್ವಾನ್. ಹಿಂದಿನ ಸಲದ ಪಂದ್ಯಕ್ಕೆ ವರ್ಷವಿಡೀ ಬೆವರು ಸುರಿಸಿ ಹೋಗಿದ್ದಳು. ಬಾಗಿಲಲ್ಲೇ ಕೂತಿದ್ದ ಡಾಕ್ಟರು ಟಾರ್ಚ್ ಬಿಟ್ಟು ನೋಡಿ, ಮೊಣಕೈ ಹತ್ತಿರ ನಾಣ್ಯದಷ್ಟಗಲದ ಕೆಂಪು ಉಂಗುರವೊಂದನ್ನು ಪತ್ತೆಹಚ್ಚಿದರು. ಹುಳುಕಡ್ಡಿ. ಮೈಗೆ ಮೈ ಉಜ್ಜುವ ಆಟದಲ್ಲಿ ಅದು ಒಬ್ಬರಿಗಿದ್ದರೆ ಎಲ್ಲರಿಗೂ ಹಂಚಿದ ಹಾಗೆ, ನಿಯಮ ನಿಯಮವೇ. ಎದುರಾಳಿಯ ಮುಖ ಕೂಡ ನೋಡದೆ ಅವಳು ವಾಪಸ್ಸು ಬಂದಳು. ಅವತ್ತು ಕುಸ್ತಿಯ ಉಡುಪಿನಲ್ಲೇ ಅಡುಗೆಮನೆಯ ನೆಲದ ಮೇಲೆ ಕೂತು, ಒಂದಿಡೀ ಬ್ರೆಡ್ಡನ್ನು ಏನೂ ಹಚ್ಚಿಕೊಳ್ಳದೆ, ಯಾರ ಜೊತೆಗೂ ಮಾತಾಡದೆ ತಿಂದು ಮುಗಿಸಿದ್ದಳು. ಆ ದೃಶ್ಯ ಇನ್ಸ್‌ಪೆಕ್ಟರನ ಕಣ್ಣಿನಿಂದ ಹೋಗಿಲ್ಲ. ಈಗ ಮುಂದಿನ ತಿಂಗಳು ಮತ್ತೆ ಪಂದ್ಯ. ಅದು ಮುಗಿದರೆ ವಯಸ್ಸಿನ ಮಿತಿ ದಾಟುತ್ತದೆ. ಅವಳ ಮಾತಿನಲ್ಲೇ ಹೇಳುವುದಾದರೆ, ಇದೇ ಲಾಸ್ಟ್ ಬಸ್ಸು.

"ನೀನೇನೂ ಮಾಡ್ಬೇಡ ಮಾರಾಯ," ಎಂದಳು ಪೈಲ್ವಾನ್. "ಪ್ರಾಕ್ಟೀಸ್ ಮುಗಿದ ತಕ್ಷಣ ಅಲ್ಲೇ ಸೋಪ್ ಹಾಕಿ ಸ್ನಾನ ಮಾಡ್ತೀನಿ. ದಿನಾ ಒಗೆದ ಬಟ್ಟೆ. ನನ್ನ ಟವೆಲ್ ಯಾರಿಗೂ ಕೊಡಲ್ಲ. ಉಗುರು ಕತ್ತರಿಸಿರ್ತೀವಿ, ಗಾಯ ಇದ್ರೆ ಮುಚ್ಚಿರ್ತೀವಿ, ಮ್ಯಾಟನ್ನ ದಿನಾ ಔಷಧಿ ನೀರಲ್ಲಿ ಒರೆಸ್ತೀವಿ. ಶುರು ಮಾಡೋಕ್ ಮುಂಚೆ ಒಬ್ಬರ ಮೈ ಒಬ್ಬರು ನೋಡ್ತೀವಿ. ಅಷ್ಟು ಸಾಕು."

"ಅಷ್ಟು ಸಾಕು ಅಂದವರ ಲಿಫ್ಟೇ ಮಧ್ಯದಲ್ಲಿ ನಿಲ್ಲೋದು," ಎಂದ ಇನ್ಸ್‌ಪೆಕ್ಟರ್.

ಮರುದಿನವೇ ಹಣೆಯ ಟಾರ್ಚೂ ಎರಡು ಬಣ್ಣದ ಸ್ಟಿಕ್ಕರ್ ಸುರುಳಿಗಳೂ ಮನೆಗೆ ಬಂದವು. ಅವಳ ಕುಸ್ತಿ ಕ್ಲಬ್ಬಿನಲ್ಲಿ ನಡೆಯುವ ಮೈ ತಪಾಸಣೆ ಮನೆಯ ಹೊಸ್ತಿಲಲ್ಲೂ ಜಾರಿಗೆ ಬಂತು. ಒಳಗೆ ಬರುವವರು ಯಾರೇ ಆಗಲಿ, ಕೈ ಚಾಚಬೇಕು, ಉಗುರು ತೋರಿಸಬೇಕು, ಕತ್ತು ಎಡಕ್ಕೆ, ಕತ್ತು ಬಲಕ್ಕೆ. ಕೊರಿಯರ್‌ನವನು ಟಾರ್ಚ್ ಬೆಳಕು ಮುಖಕ್ಕೆ ಬಿದ್ದ ಕೂಡಲೇ ಪಾರ್ಸೆಲನ್ನು ಮೆಟ್ಟಿಲ ಮೇಲೆ ಬಿಟ್ಟು ಕಂಬಿ ಕಿತ್ತ. ಸಕ್ಕರೆ ಕೇಳಲು ಬಂದ ಪಕ್ಕದ ಮನೆಯಾಕೆ, "ಚಹಾ ಸಪ್ಪಗಿದ್ರೂ ಪರ್ವಾಗಿಲ್ಲ, ಮರ್ಯಾದೆ ಉಳಿದ್ರೆ ಸಾಕು" ಎಂದು ಖಾಲಿ ಲೋಟ ಹಿಡಿದು ಹಿಂತಿರುಗಿದಳು. ಸಿಕ್ಕಿಬಿದ್ದದ್ದು ಅವಳ ಬೆಕ್ಕು. 'ದುರಸ್ತಿಯಲ್ಲಿದೆ. ಬಳಸಬೇಡಿ' ಎಂಬ ಕೆಂಪು ಸ್ಟಿಕ್ಕರನ್ನು ಬಾಲದಲ್ಲಿ ಎತ್ತಿಹಿಡಿದು ಅದು ಬೀದಿಯುದ್ದಕ್ಕೂ ಏಕಾಂಗಿ ಮೆರವಣಿಗೆ ಹೊರಟಿತು.

ಕಾಲೊರಸಿಗೆ ಕೆಂಪು. ಬಾಚಣಿಗೆಗಳಿಗೆ ಸಾಮೂಹಿಕವಾಗಿ ಕೆಂಪು. ಫ್ರಿಜ್ಜಿಗೆ ಹಸಿರು ಸಿಕ್ಕಿತು, ಅದಕ್ಕೆ ಚರ್ಮ ಇಲ್ಲ ಎಂಬ ಒಂದೇ ಅರ್ಹತೆಯ ಮೇಲೆ.

"ನನ್ನ ಕುರ್ಚಿಗೆ ಯಾಕ್ರೀ ಕೆಂಪು?" ಎಂದು ಅತ್ತೆ ಕೇಳಿದರು.

"ಬಟ್ಟೆ ಕುರ್ಚಿ ಅತ್ತೆ. ರೋಗಾಣು ಕೂತಿರುತ್ತೆ."

"ಅದು ಕೂತ್ಕೊಂಡ್ರೆ ನಾನೆಲ್ಲಿ ಕೂತ್ಕೊಳ್ಲಿ?"

"ಪ್ಲಾಸ್ಟಿಕ್ ಸ್ಟೂಲ್ ಇದೆಯಲ್ಲ."

"ರೋಗಾಣುಗೆ ಮೆತ್ತೆ, ಅತ್ತೆಗೆ ಸ್ಟೂಲು. ಚೆನ್ನಾಗಿದೆ ನಿಮ್ಮ ನ್ಯಾಯ."

ಆಮೇಲೆ ನಡೆದದ್ದು ಬಟ್ಟೆ ಕುದಿಸುವ ಮಹಾಯಾಗ. ಮನೆಯಲ್ಲಿದ್ದ ಅತಿ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಪೊಟ್ಟಣದ ಮೇಲೆ ಬರೆದದ್ದಕ್ಕಿಂತ ಎರಡು ಪಟ್ಟು ಸೋಪಿನ ಪುಡಿ ಸುರಿದು, ಟವೆಲ್ಲು, ಬೆಡ್‌ಶೀಟು, ಅತ್ತೆಯ ಒಳಂಗಿ, ತನ್ನ ಬಿಳಿ ಯೂನಿಫಾರ್ಮು ಎಲ್ಲವನ್ನೂ ಒಟ್ಟಿಗೆ ತುಂಬಿ ಇನ್ಸ್‌ಪೆಕ್ಟರ್ ಮರದ ಸೌಟಿನಿಂದ ತಿರುವಿದ. ಪೈಲ್ವಾನಳ ಹೊಚ್ಚಹೊಸ ಕೆಂಪು ಟವೆಲ್ಲೂ ಅದರೊಳಗಿತ್ತು. ಸಂಜೆಯ ಹೊತ್ತಿಗೆ ತಂತಿಯ ಮೇಲೆ ಇಡೀ ಸಂಸಾರ ಗುಲಾಬಿ ಬಣ್ಣದಲ್ಲಿ ತೂಗಾಡುತ್ತಿತ್ತು.

"ರೋಗಾಣು ಸತ್ತಿರೋದಂತೂ ಖಂಡಿತ," ಎಂದ ಅವನು.

"ನಾಚಿಕೆಯಿಂದ ಸತ್ತಿರ್ತಾವೆ," ಎಂದರು ಅತ್ತೆ, ತಮ್ಮ ಗುಲಾಬಿ ಒಳಂಗಿಯನ್ನು ತಂತಿಯಿಂದ ಎಳೆದುಕೊಳ್ಳುತ್ತ.

ಮರುದಿನ ಗುಲಾಬಿ ಯೂನಿಫಾರ್ಮಿನಲ್ಲೇ ಆಫೀಸಿಗೆ ಹೋದ. ಪಕ್ಕದ ಮೇಜಿನವನು ಮೇಲಿಂದ ಕೆಳಗೆ ನೋಡಿ, "ಏನ್ ಸಾರ್, ಮಕ್ಕಳ ಜಾರುಬಂಡಿ ವಿಭಾಗಕ್ಕೆ ವರ್ಗ ಆಯ್ತಾ?" ಎಂದು ಕೇಳಿದ. ಇನ್ಸ್‌ಪೆಕ್ಟರ್ ಅದನ್ನು ಹುತಾತ್ಮನ ನಗೆಯಿಂದ ಸ್ವೀಕರಿಸಿದ. ದೊಡ್ಡ ಕೆಲಸಕ್ಕೆ ಹೊರಟವರನ್ನು ನೋಡಿ ಲೋಕ ಮೊದಲು ನಗುತ್ತದೆ, ಆಮೇಲೆ ಅರ್ಥ ಮಾಡಿಕೊಳ್ಳುತ್ತದೆ.

ಕೊನೆಯ ಆಜ್ಞೆ ಎಲ್ಲಕ್ಕಿಂತ ಕಠೋರವಾದದ್ದು. ಹೆಂಡತಿಯನ್ನು 'ರಕ್ಷಿತ ವಲಯ' ಎಂದು ಸಾರಿ, ಅವಳ ಹಾಸಿಗೆ, ದಿಂಬು, ಟವೆಲ್ಲುಗಳನ್ನು ಅತ್ತೆಯ ಕೋಣೆಗೆ ಸಾಗಿಸಿದ.

"ನಾನು ಮದುವೆ ಆಗಿದ್ದು ನಿನ್ನನ್ನೋ, ನಿನ್ನ ಟಾರ್ಚನ್ನೋ?" ಎಂದಳು ಪೈಲ್ವಾನ್.

"ಪಂದ್ಯ ಮುಗಿಯೋವರೆಗೂ ಟಾರ್ಚನ್ನ ಅಂದ್ಕೋ."

ಇಷ್ಟೆಲ್ಲ ಕಟ್ಟುನಿಟ್ಟಿನ ಮನುಷ್ಯ ಸಂಜೆ ಏನು ಮಾಡುತ್ತಿದ್ದ ಎಂಬುದನ್ನೂ ಹೇಳಬೇಕು. ಕೆಲಸ ಮುಗಿಸಿ ಹೆಂಡತಿಯನ್ನು ಕರೆತರಲು ಅವನು ದಿನಾ ಕ್ಲಬ್ಬಿಗೆ ಹೋಗುತ್ತಿದ್ದ. ಗ್ಯಾರೇಜಿನ ಮೇಲಿನ ಉದ್ದನೆಯ ಹಾಲ್ ಅದು. ಒಂದು ಮೂಲೆಯಲ್ಲಿ ಮೇಲ್ಪದರ ಹರಿದ ಹಳೇ ಮ್ಯಾಟುಗಳನ್ನು ಸುರುಳಿ ಸುತ್ತಿ ಎಸೆಯಲು ಇಟ್ಟಿದ್ದರು. ಹಗಲೆಲ್ಲ ಲಿಫ್ಟಿನ ಗುಂಡಿಗಳಲ್ಲಿ ಬಗ್ಗಿ ಎದ್ದು ಬಂದವನಿಗೆ ಆ ಸುರುಳಿ ಕಂಡರೆ ಸ್ವರ್ಗದ ದಿಂಬು ಕಂಡಂತೆ. ಬೂಟು ಬಿಚ್ಚಿ, ಕಾಲು ಚಾಚಿ, ಕತ್ತನ್ನು ಅದರ ಮೇಲಿಟ್ಟರೆ, ಹೆಂಡತಿ ಸ್ನಾನ ಮಾಡಿ ಬಂದು ಕಾಲಿಗೆ ತಟ್ಟುವವರೆಗೂ ಗೊರಕೆ.

"ಅದರ ಮೇಲೆ ಒರಗಬೇಡ. ಹರಿದಿದೆ ಅಂತ ಅದನ್ನ ಯಾರೂ ಒರೆಸಲ್ಲ," ಎಂದು ಅವಳು ಒಮ್ಮೆ ಹೇಳಿದ್ದಳು.

"ನಾನೇನು ಕುಸ್ತಿ ಆಡ್ತೀನಾ? ಆಡೋರಿಗೆ ತಾನೇ ಬರೋದು," ಎಂದು ಅವನು ಮಗ್ಗುಲು ಬದಲಿಸಿದ್ದ.

ಪಂದ್ಯದ ವಾರ ಬಂತು. ಇನ್ಸ್‌ಪೆಕ್ಟರನ ಕತ್ತಿನ ಹಿಂದೆ ಒಂದು ನವೆ ಶುರುವಾಯಿತು. ಮೊದಲು ಮೆಲ್ಲಗೆ, ಆಮೇಲೆ ಊಟ ನಡುವೆ ಬಿಟ್ಟು ಕೆರೆದುಕೊಳ್ಳುವಷ್ಟು. ಕಾಲರಿನಲ್ಲಿ ಸೋಪಿನ ಪುಡಿ ಉಳಿದಿದೆ ಎಂದು ಅವನೇ ತೀರ್ಪು ಕೊಟ್ಟುಕೊಂಡ. ಒಳಗೊಳಗೆ ಹೆಮ್ಮೆಯೂ ಆಯಿತು. ನನಗೇ ಇಷ್ಟು ಉರಿಯುತ್ತಿದ್ದರೆ ಪಾಪ ಆ ರೋಗಾಣುಗಳಿಗೆ ಹೇಗಾಗಿರಬೇಡ!

ಗುರುವಾರ ಬೆಳಿಗ್ಗೆ ಅತ್ತೆ ಹೊರಗಿನಿಂದ ತರಕಾರಿ ಚೀಲ ಹಿಡಿದು ಬಂದರು. ಹೊಸ್ತಿಲಲ್ಲಿ ಅಳಿಯ, ಹಣೆಯಲ್ಲಿ ಬೆಳಕು.

"ಕೈ ಚಾಚಿ ಅತ್ತೆ."

ಅತ್ತೆ ಚೀಲ ಕೆಳಗಿಟ್ಟರು. "ಅಳಿಯಂದ್ರೇ, ಕಾನೂನು ಎಲ್ಲರಿಗೂ ಒಂದೇ ಅಂದಿದ್ರಲ್ಲ?"

"ಖಂಡಿತ ಒಂದೇ."

"ನಿಮ್ಮನ್ನ ಯಾರು ನೋಡಿದ್ರು?"

"ನನ್ನನ್ನ ನೋಡೋದೇನಿದೆ? ನಾನು ಇನ್ಸ್‌ಪೆಕ್ಟರು."

"ಕೊಡಿ ಇಲ್ಲಿ ಅದನ್ನ. ತಿರುಗಿ."

ಅತ್ತೆ ಕನ್ನಡಕದ ಮೇಲೆ ಟಾರ್ಚ್ ಕಟ್ಟಿಕೊಂಡರು. ಕಾಲರನ್ನು ಎರಡು ಬೆರಳಲ್ಲಿ ಹಿಡಿದು ಕೆಳಗೆಳೆದರು. ಇನ್ನಷ್ಟು ಬಗ್ಗಿ ನೋಡಿದರು.

"ಮಗಳೇ, ಸ್ವಲ್ಪ ಬಾ ಇಲ್ಲಿ."

ಬಸ್ಸಿನ ಕೀ ಹಿಡಿದು ಹೊರಟಿದ್ದ ಪೈಲ್ವಾನ್ ಬಂದು ನೋಡಿದಳು. ಗಂಡನ ಕತ್ತಿನ ಹಿಂದೆ, ಕಾಫಿ ಲೋಟ ಇಟ್ಟು ತೆಗೆದ ಗುರುತಿನಂತೆ, ಅಂಚು ಕೆಂಪಗೆ, ನಡುವೆ ತಿಳಿಯಾಗಿ, ಸಂಪೂರ್ಣ ದುಂಡಗಿನ ಒಂದು ಉಂಗುರ. ಯಾವ ಡಾಕ್ಟರೂ ಬೇಡ. ಅದನ್ನು ಅವಳು ತನ್ನ ಮೊಣಕೈಯಲ್ಲಿ ಸಾಕಿದವಳು.

"ಕ್ಲಬ್ಬಲ್ಲಿ ಎಲ್ಲಿ ಮಲಗ್ತಿದ್ದೆ ಅಂತ ನಿನ್ನ ಬಾಯಲ್ಲೇ ಹೇಳು."

"ಮಲಗಿಲ್ಲ. ಒರಗ್ತಿದ್ದೆ."

"ಯಾವುದರ ಮೇಲೆ?"

ಇನ್ಸ್‌ಪೆಕ್ಟರನ ಕೈ ತಾನಾಗಿ ಕತ್ತಿನ ಹಿಂದಕ್ಕೆ ಹೋಯಿತು.

"ಮುಟ್ಬೇಡ ಅದನ್ನ," ಎಂದಳು. ಅತ್ತೆಯ ಹಣೆಯಿಂದ ಟಾರ್ಚ್ ಬಿಚ್ಚಿಕೊಂಡು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವಳು ಮೈಯೆಲ್ಲ ನೋಡಿಕೊಂಡು ಬರುವವರೆಗೂ ಇನ್ಸ್‌ಪೆಕ್ಟರ್ ಆ ಬಾಗಿಲ ಮುಂದೆ ನಿಂತಿದ್ದ. ಅಡುಗೆಮನೆಯ ನೆಲ ಕಾಣುತ್ತಿತ್ತು. ಅಲ್ಲಿ ಈಗ ಯಾರೂ ಕೂತಿರಲಿಲ್ಲ, ಆದರೂ ಅವನಿಗೆ ಬ್ರೆಡ್ಡಿನ ಚೂರುಗಳು ಕಂಡವು.

"ಊರಿಗೆಲ್ಲ ಶಕುನ ಹೇಳೋ ಹಲ್ಲಿ ಬಚ್ಚಲಲ್ಲಿ ಬಿದ್ದು ಸಾಯ್ತಂತೆ," ಎಂದರು ಅತ್ತೆ. ಅವನ ಮುಖ ನೋಡಿ, ಯಾಕೋ ದನಿ ತಗ್ಗಿಸಿ, "ತನ್ನ ಬೆನ್ನು ತನಗೆ ಕಾಣಲ್ಲ ಬಿಡಿ, ಯಾರಿಗಾದ್ರೂ ಅಷ್ಟೇ," ಎಂದೂ ಸೇರಿಸಿದರು.

ಬಾಗಿಲು ತೆರೆಯಿತು. "ಇನ್ನೂ ಏನೂ ಇಲ್ಲ," ಎಂದಳು ಪೈಲ್ವಾನ್.

ಆ 'ಇನ್ನೂ' ಎಂಬ ಪದವನ್ನು ಇನ್ಸ್‌ಪೆಕ್ಟರ್ ತನ್ನಲ್ಲೇ ಎರಡು ಸಲ ಹೇಳಿಕೊಂಡ.

"ಹಾಸಿಗೆ ಬೇರೆ ಮಾಡಿದ್ದೀಯಲ್ಲ, ಅದೊಂದು ಪುಣ್ಯ. ನಿನ್ನ ತಲೆಕೆಟ್ಟ ಕಾನೂನಲ್ಲಿ ಅದೊಂದೇ ಕೆಲಸಕ್ಕೆ ಬಂದಿರೋದು," ಎಂದು ಅವಳು ಬಸ್ಸಿಗೆ ಹೊರಟಳು.

ಚರ್ಮದ ಡಾಕ್ಟರು ಕತ್ತು ನೋಡಿ ಮುಲಾಮು ಬರೆದುಕೊಟ್ಟರು. ಜಾಗ ಒಣಗಿರಲಿ, ಹೊರಗೆ ಹೋದರೆ ಮುಚ್ಚಿರಲಿ, ಟವೆಲ್ಲು ಬಟ್ಟೆ ಬೇರೆ ಇಡಿ, ನವೆ ನಿಂತಿತು ಅಂತ ಮುಲಾಮು ನಿಲ್ಲಿಸಬೇಡಿ ಎಂದು ಹೇಳಿ, "ನೀವು ಕುಸ್ತಿ ಆಡ್ತೀರಾ?" ಎಂದು ಕೇಳಿದರು.

"ಇಲ್ಲ ಡಾಕ್ಟ್ರೇ. ನಾನು ತಡೆಗಟ್ಟೋ ಕಡೆಯವನು."

ಡಾಕ್ಟರು ಪೆನ್ನು ಕೆಳಗಿಟ್ಟು ಮತ್ತೊಮ್ಮೆ ಅವನ ಕತ್ತು ನೋಡಿದರು.

ಮನೆಯಲ್ಲಿ ಅಧಿಕಾರ ಹಸ್ತಾಂತರ ಆಗಿತ್ತು. ಟಾರ್ಚೂ ಸ್ಟಿಕ್ಕರುಗಳೂ ಅತ್ತೆಯ ವಶ. ಅತ್ತೆ ತಮ್ಮ ಮೆತ್ತೆಯ ಕುರ್ಚಿಯಲ್ಲಿ ಮರಳಿ ಆಸೀನರು. ಮಾಜಿ ಇನ್ಸ್‌ಪೆಕ್ಟರ್ ಕೋಣೆಯ ಬಾಗಿಲಾಚೆ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ. ಹೊತ್ತು ಹೊತ್ತಿಗೆ "ನೋಡ್ಕೊಂಡ್ಯಾ?" ಎಂದು ಬಾಗಿಲ ಸಂದಿಯಿಂದ ಅವನು ಕೇಳುವುದು, "ಇನ್ನೂ ಇಲ್ಲ" ಎಂದು ಆ ಕಡೆಯಿಂದ ಬರುವುದು. ಶನಿವಾರ ಸಂಜೆ ಅವನು ಕೇಳುವುದನ್ನೂ ನಿಲ್ಲಿಸಿದ. ಕ್ಲಬ್ಬಿಗೆ ಹೋಗಿ, ಕೈಗವಸು ಹಾಕಿಕೊಂಡು, ಆ ಹಳೇ ಮ್ಯಾಟಿನ ಸುರುಳಿಗಳನ್ನೆಲ್ಲ ಕಸದ ಲಾರಿಗೆ ತಾನೇ ಹೊತ್ತು ಹಾಕಿ ಬಂದ. ಬಂದವನು ನೇರ ಬಚ್ಚಲಿಗೆ ಹೋಗಿ ಸೋಪು ಹಾಕಿ ಸ್ನಾನ ಮಾಡಿದ. ಈ ಸಲ ಯಾರಿಗೂ ಏನನ್ನೂ ಘೋಷಿಸಲಿಲ್ಲ.

ಭಾನುವಾರ ಪಂದ್ಯದ ಹಾಲಿಗೆ ಹೊರಡುವಾಗ ಅತ್ತೆ ಎಂದೂ ಇಲ್ಲದ ಪ್ರೀತಿಯಿಂದ ಅವನ ಬೆನ್ನು ತಟ್ಟಿದರು. "ಹೋಗ್ಬನ್ನಿ ಅಳಿಯಂದ್ರೇ. ದೂರದಲ್ಲಿ ಕೂತ್ಕೊಳ್ಳಿ." ಇನ್ಸ್‌ಪೆಕ್ಟರನ ಕಣ್ಣು ತುಂಬಿ ಬಂತು.

ಕತ್ತಿಗೆ ಪಟ್ಟಿ ಕಟ್ಟಿ, ಮೇಲೆ ಗುಲಾಬಿ ಯೂನಿಫಾರ್ಮು ತೊಟ್ಟು, ಅವನು ಮೇಲಿನ ಗ್ಯಾಲರಿಯ ತುತ್ತತುದಿಯ ಸಾಲಿನಲ್ಲಿ ಕೂತ. ಹಿಂಬಾಗಿಲಿನಿಂದ ಬಂದ ಜನ ಅವನನ್ನೊಮ್ಮೆ ನೋಡಿ ಮರ್ಯಾದೆಯಿಂದ ಬೇರೆ ಸಾಲಿಗೆ ಹೋಗುತ್ತಿದ್ದರು. ಯೂನಿಫಾರ್ಮಿಗೆ ಇನ್ನೂ ಬೆಲೆ ಇದೆ ಎಂದುಕೊಂಡ.

ಕೆಳಗೆ ಬಾಗಿಲಲ್ಲಿ ಹಿಂದಿನ ಪಂದ್ಯದ ಅದೇ ಡಾಕ್ಟರು, ಅದೇ ಟಾರ್ಚು. ಪೈಲ್ವಾನ್ ಎರಡೂ ಕೈ ಚಾಚಿದಳು. ಮೊಣಕೈ. ಕುತ್ತಿಗೆ. ಮಂಡಿಯ ಹಿಂಭಾಗ. ಡಾಕ್ಟರು ಒಂದು ಕಡೆ ಟಾರ್ಚ್ ನಿಲ್ಲಿಸಿ ಬಗ್ಗಿದರು. ಇನ್ಸ್‌ಪೆಕ್ಟರ್ ಉಸಿರು ಬಿಡುವುದನ್ನೇ ಮರೆತ.

"ಸೊಳ್ಳೆ ಕಡಿದಿದೆ," ಎಂದರು ಡಾಕ್ಟರು. "ಒಳಗೆ ಹೋಗಿ."

ಮೊದಲನೆಯ ಕುಸ್ತಿ ಗೆದ್ದಳು. ಎರಡನೆಯದನ್ನೂ ಗೆದ್ದಳು. ಮೂರನೆಯದರಲ್ಲಿ ಅವಳಿಗಿಂತ ಒಂದು ಕೈ ಎತ್ತರದ ಹುಡುಗಿ ಅವಳನ್ನು ಮಗುಚಿ ಹಾಕಿದಳು. ಬೆಳ್ಳಿಯ ಪದಕ. ಇನ್ಸ್‌ಪೆಕ್ಟರ್ ಮೂರಕ್ಕೂ ಒಂದೇ ಸಮ ಚಪ್ಪಾಳೆ ತಟ್ಟಿದ.

ಸ್ನಾನ ಮಾಡಿ, ಒಗೆದ ಬಟ್ಟೆ ತೊಟ್ಟು, ಒದ್ದೆ ಕೂದಲಲ್ಲಿ, ಪದಕ ನೇತಾಡಿಸಿಕೊಂಡು ಪೈಲ್ವಾನ್ ಗ್ಯಾಲರಿಗೆ ಹತ್ತಿ ಬಂದಳು. ಹಿಂಬಾಗಿಲ ಕಡೆಯಿಂದ ಬಂದವಳು ಅವನ ಬೆನ್ನ ಹಿಂದೆ ಒಂದು ಕ್ಷಣ ನಿಂತಳು. ಅವನು ತಿರುಗಿ ನೋಡಿ ಎದ್ದು ಎರಡೂ ತೋಳು ಅಗಲಿಸಿದ.

ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಏನಾಯ್ತು? ಪಟ್ಟಿ ಕಟ್ಟಿದೀನಲ್ಲ," ಎಂದ.

ಅವಳು ಕೈ ಚಾಚಿ ಅವನ ಬೆನ್ನಿನಿಂದ ಏನನ್ನೋ ಪರ್ರನೆ ಕಿತ್ತು ಮುಂದೆ ಹಿಡಿದಳು. ಕೆಂಪು ಸ್ಟಿಕ್ಕರ್. 'ದುರಸ್ತಿಯಲ್ಲಿದೆ. ಬಳಸಬೇಡಿ.'

ಅವನು ಅದನ್ನು ಓದಿದ. ಖಾಲಿ ಬಿದ್ದಿದ್ದ ಅಕ್ಕಪಕ್ಕದ ಕುರ್ಚಿಗಳನ್ನು ನೋಡಿದ. ಬೆನ್ನು ತಟ್ಟಿದ ಅತ್ತೆಯ ಪ್ರೀತಿ ನೆನಪಾಯಿತು.

ಪೈಲ್ವಾನ್ ಸ್ಟಿಕ್ಕರನ್ನು ಈ ಸಲ ಅವನ ಎದೆಯ ಜೇಬಿನ ಮೇಲೆ, ಅಂಗೈಯಿಂದ ಒತ್ತಿ ಒತ್ತಿ ನೀಟಾಗಿ ಅಂಟಿಸಿದಳು.

"ನಿಯಮ ನಿಯಮವೇ ಸಾಹೇಬ್ರೇ," ಎಂದಳು. "ದುರಸ್ತಿ ಮುಗಿಯೋವರೆಗೂ ನಾನು ಮೆಟ್ಟಿಲಲ್ಲೇ ಓಡಾಡ್ತೀನಿ."

ಎಂದವಳೇ ಪದಕ ಕುಣಿಸುತ್ತ ಮೆಟ್ಟಿಲಿಳಿದು ಹೊರಟಳು. ಲಿಫ್ಟ್ ಇನ್ಸ್‌ಪೆಕ್ಟರ್ ಒಂದು ಮಾರು ದೂರ ಬಿಟ್ಟು ಹಿಂದೆ ಹಿಂದೆ ಇಳಿದ.