ಎದುರಂಗಡಿಯ ದರ

ಬಳೆ ಅಂಗಡಿ ವೀರಣ್ಣನ ಕಷ್ಟಕ್ಕೆಲ್ಲ ಕಾರಣ ಅವನ ಗಲ್ಲಾದ ಮೇಲೆ ಕೂತಿದ್ದ ಮೊಬೈಲು. ಶಿವಾಜಿನಗರದ ಆ ಗಲ್ಲಿಯ ಒಂಬತ್ತು ಬಳೆ ಅಂಗಡಿಯವರೂ ಸೇರಿ ಬ್ಲಾಕ್‌ಚೈನ್ ಹಾಕಿಸಿಕೊಂಡು ಮೂರು ತಿಂಗಳಾಗಿತ್ತು. ಒಂಬತ್ತು ಮೊಬೈಲಿನಲ್ಲೂ ಒಂದೇ ದರಪಟ್ಟಿ. ಬರೆದದ್ದನ್ನು ಬ್ರಹ್ಮನೂ ಅಳಿಸಲಾರ. ಒಬ್ಬ ದರ ಇಳಿಸಿದರೆ ಮಿಕ್ಕ ಎಂಟು ಅಂಗಡಿಯಲ್ಲೂ ಆ ಕ್ಷಣವೇ ತಾನಾಗಿ ಇಳಿಯುತ್ತಿತ್ತು. ಹೀಗಾಗಿ ಇಳಿಸುವ ಗೋಜಿಗೇ ಯಾರೂ ಹೋಗುತ್ತಿರಲಿಲ್ಲ. ಡಜನ್ ಗಾಜಿನ ಬಳೆ ಎಲ್ಲಿ ಕೇಳಿದರೂ ಎಂಬತ್ತು.

ಅಂದಿನಿಂದ ಲಕ್ಷ್ಮಿದೇವಿ ಮೇಡಂ ಬಂದಿರಲಿಲ್ಲ. ಹಲಸೂರಿನ ಡ್ಯಾನ್ಸ್ ಟೀಚರ್. ಮಕ್ಕಳು ಕುಣಿದು ಒಡೆದ ಬಳೆಗೆ ಬದಲಿ ಕೊಳ್ಳಲು ಪ್ರತಿ ಬುಧವಾರ ಬರುತ್ತಿದ್ದರು. ವೀರಣ್ಣನ ದರ ಕೇಳಿ, "ಎದುರಂಗಡೀಲಿ ಕೇಳ್ಕೊಂಡು ಬರ್ತೀನಿ" ಎಂದು ಮಂಜೂರನ ಹತ್ತಿರ ಹೋಗಿ, ಐದು ರೂಪಾಯಿ ಇಳಿಸಿಕೊಂಡು, ಮತ್ತೆ ಇಲ್ಲಿಗೇ ಬಂದು ಟೀ ಕುಡಿಯುತ್ತ ಇನ್ನೈದಕ್ಕೆ ಜಗ್ಗುತ್ತಿದ್ದರು. ಐವತ್ತರ ಒಂಟಿ ಜೀವ ವೀರಣ್ಣನಿಗೆ ವಾರವೆಂದರೆ ಆ ಒಂದು ಗಂಟೆ. ಅವರು ಕೂರುತ್ತಿದ್ದ ಸ್ಟೂಲನ್ನು ಈಗಲೂ ದಿನಾ ಒರೆಸುತ್ತಿದ್ದ.

ಈ ಬುಧವಾರ ತಡೆಯಲಾಗಲಿಲ್ಲ. ದರ ಇಳಿದರೆ ಮೇಡಂ ಬಂದಾರು ಎಂದು ಎಪ್ಪತ್ತು ಒತ್ತಿಬಿಟ್ಟ. ಬೆಕ್ಕು ನುಗ್ಗಿದ ಕೋಳಿಗೂಡಿನ ಹಾಗೆ ಒಂಬತ್ತು ಮೊಬೈಲೂ ಕಿರುಚಿದವು.

"ಏನ್ ಗುರು, ತಲೆ ಕೆಟ್ಟಿದ್ಯಾ?" ಮಂಜೂರ್ ಎದುರಿನಿಂದಲೇ ಕೂಗಿದ.

"ಬೆರಳು ತಾಗ್ಬಿಡ್ತು ಭಾಯ್."

ಬೆರಳು ಮತ್ತೆ ತಾಗಿತು. ಅರವತ್ತು.

"ನಂಗೂ ಬೆರಳಿದೆ!" ಮಂಜೂರ್ ಐವತ್ತಕ್ಕೆ ಇಳಿಸಿದ.

ಮಧ್ಯಾಹ್ನದ ಹೊತ್ತಿಗೆ ಮೂವತ್ತು. ಬೀದಿ ತುಂಬ ಜನ. ಬಳೆ ವ್ಯಾಪಾರಿಗಳ ಸಂಘದ ಕಾರ್ಯದರ್ಶಿ ಅಸ್ಗರ್ ಸಾಹೇಬರು ಎದೆ ಹಿಡಿದುಕೊಂಡು ಅಂಗಡಿಯಿಂದ ಅಂಗಡಿಗೆ ಓಡಿದರು. ವೀರಣ್ಣ ಮಾತ್ರ ಗಿರಾಕಿಗಳ ತಲೆ ಮೇಲಿಂದ ಹಲಸೂರಿನ ದಿಕ್ಕನ್ನೇ ನೋಡುತ್ತಿದ್ದ.

ನಾಲ್ಕಕ್ಕೆ ಮೇಡಂ ಬಂದೇಬಿಟ್ಟರು. ಜೊತೆಗೆ ಫೈಲು ಹಿಡಿದ ಒಬ್ಬ ಅಧಿಕಾರಿ.

"ಇವರೇ ಸರ್. ಒಂಬತ್ತು ಜನಾನೂ ಒಳಗೊಳಗೇ ಸೇರ್ಕೊಂಡು ಒಂದೇ ರೇಟ್ ಮಾಡಿದಾರೆ. ಪೈಪೋಟಿನೇ ಇಲ್ಲ."

ಅಧಿಕಾರಿ ಆ ಅಳಿಸಲಾಗದ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದರು. "ಪೈಪೋಟಿ ಇಲ್ವಾ? ಬೆಳಿಗ್ಗೆಯಿಂದ ಹನ್ನೊಂದ್ ಸಲ ಇಳಿಸಿದಾರಲ್ಲ ಮೇಡಂ! ಇನ್ನೇನು, ಬಿಟ್ಟಿ ಕೊಡ್ಬೇಕಾ?" ಫೈಲು ಮುಚ್ಚಿ ಹೊರಟೇಹೋದರು.

ಮೇಡಂ ಸ್ಟೂಲಿನ ಮೇಲೆ ಕುಸಿದರು. "ಮೂರ್ ತಿಂಗಳಿಂದ ಅರ್ಜಿ ಮೇಲೆ ಅರ್ಜಿ ಹಾಕಿದ್ದೆ ವೀರಣ್ಣೋರೇ. ಈ ಚೈನ್ ತೆಗ್ಸಿದ್ರೆ ಮೊದಲಿನ ಥರ ಚೌಕಾಸಿ ಮಾಡ್ಬಹುದು ಅಂತ. ಯಾರ್ರೀ ಅದು, ಇವತ್ತೇ ರೇಟ್ ಇಳಿಸಿದ್ದು?"

ವೀರಣ್ಣ ಬೆರಳನ್ನು ಜೇಬಿಗೆ ಹಾಕಿಕೊಂಡ.

ಹೊರಗೆ ಅಸ್ಗರ್ ಸಾಹೇಬರಿಗೆ ಜೀವ ಬಂದಿತ್ತು. "ಸರ್ಕಾರದೋರೇ ಸರಿ ಅಂದ್ರಪ್ಪಾ! ಮತ್ತೆ ಎಂಬತ್ತು. ಚೈನಿಗೂ ಹಾಕ್ಬಿಟ್ಟೆ, ಇನ್ಮೇಲೆ ಒಂಬತ್ತೂ ಜನ ಒಪ್ಪದೆ ಒಂದ್ ರೂಪಾಯೀನೂ ಇಳಿಯಲ್ಲ!"

"ಒಂದು ಡಜನ್ ಹಸಿರು, ಎಪ್ಪತ್ತೈದಕ್ಕೆ?" ಎಂದರು ಮೇಡಂ, ಸುಮ್ಮನೆ ಕೇಳಿ ನೋಡುವವರಂತೆ.

ಆ ಮಾತು ಕೇಳಿ ಮೂರು ತಿಂಗಳಾಗಿತ್ತು. ವೀರಣ್ಣ ಆಸೆಯಿಂದ ಒತ್ತಿದ. ಮೊಬೈಲು ಒಲ್ಲೆನೆಂದಿತು. ಅದರಲ್ಲಿ ಬಿಲ್ಲು ಬಾರದೆ ಏನನ್ನೂ ಮಾರುವಂತಿರಲಿಲ್ಲ.

"ಎಂಬತ್ತೇ ಆಗುತ್ತೆ ಮೇಡಂ."

"ಎದುರಂಗಡೀಲಿ ಕೇಳ್ಕೊಂಡು ಬರ್ತೀನಿ."

ಅದೇ ಮಾತು! ವೀರಣ್ಣ ಓಡಿಹೋಗಿ ಎರಡು ಟೀ ತಂದ. ಸ್ಟೂಲು ಒರೆಸಿದ. ಕಾದ.

ಟೀ ಆರಿದ ಮೇಲೆ ಬಂದವನು ಮಂಜೂರ್. ಮೇಡಂಗೆಂದು ತಂದಿದ್ದ ಲೋಟವನ್ನೆತ್ತಿ ಒಂದು ಗುಟುಕು ಹೀರಿದ.

"ನನ್ನ ಹತ್ರಾನೇ ತಗೊಂಡು ಹೋದ್ರು ಗುರು. 'ಅಲ್ಲೂ ಅದೇ ರೇಟು, ಮತ್ತೆ ಯಾಕೆ ರಸ್ತೆ ದಾಟ್ಲಿ' ಅಂದ್ರು."